ಹಳೇ ಜರ್ಮನ್ ಕಾರಿಗೊಬ್ಬ ನಂಬಿಗಸ್ತ ಮೇಸ್ತ್ರಿ



ಕೆಲವು ವಾರಗಳ ಹಿಂದೆ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದರೆ ಫೋನ್ ಕಾಯುತ್ತಿತ್ತು. ಆ ಕಡೆ ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು. ಹಳೇ ಚಿತ್ರಗೀತೆಯ ಕೋರಿಕೆ ಇರಬೇಕು ಅಂದುಕೊಂಡೆ. ಅಲ್ಲ! "ನಿಮಗೆ ಊರೆಲ್ಲ ಪರಿಚಯ ಉಂಟಲ್ಲ ಮಾರಾಯ್ರೇ, ಹಳೇ ಮರ್ಸಿಡಿಸ್ ರಿಪೇರಿ ಮಾಡುವ ನಂಬಿಗಸ್ತ ಮೆಕ್ಯಾನಿಕ್ ಯಾರಾದರೂ ಇದ್ದರೆ ಹೇಳಿ" ಎಂದರು.

ಅವರ ತಂದೆ ಮುಂಬೈಯಲ್ಲಿ ಹೋಟೆಲ್ ನಡೆಸಿದವರು. ಜೀವನದಲ್ಲಿ ಮಾಡಿದ ಒಂದೇ ಒಂದು ಶೋಕಿ ಎಂದರೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 1995ರ ಇ ಕ್ಲಾಸ್ ಕಾರು. ಪ್ರತಿ ಮೇ ತಿಂಗಳು ಅದರಲ್ಲೇ ಕುಂದಾಪುರಕ್ಕೆ ಪಯಣ. ತಂದೆ ಈಗಿಲ್ಲ, ಕಾರು ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಒಮ್ಮೊಮ್ಮೆ ತಾನಾಗಿ ಆಫ್ ಆಗುತ್ತದೆ. ಮೂರು ಗ್ಯಾರೇಜು ಆಯಿತು, ಮೂರರಲ್ಲೂ ಒಂದೊಂದು ಪಾರ್ಟು ಬದಲಾಯಿತು, ಮೂರು ದೊಡ್ಡ ಬಿಲ್ಲು ಬಂದವು. ರೋಗ ಮಾತ್ರ ಹೋಗಲಿಲ್ಲ. "ಗುಜರಿಗೆ ಹಾಕಿ ಅಪ್ಪಾ" ಎಂದು ಮಗ ಹೇಳುತ್ತಾನಂತೆ. "ಅಪ್ಪನ ಕಾರು, ಹೇಗೆ ಹಾಕಲಿ ಹೇಳಿ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಬಿ.ಎ.ಯಲ್ಲಿ ಕನ್ನಡ ಓದಿದ ನನಗೆ ಎಂಜಿನ್ನಿನ ವಿದ್ಯೆ ಎಲ್ಲಿಂದ ಬರಬೇಕು? ಹೆಸರು ಕೊಡಲು ಆಗದಿದ್ದರೂ ಇತಿಹಾಸವನ್ನಾದರೂ ಕೆದಕೋಣ ಎಂದು ಕೂತೆ. ಆಗ ತಿಳಿದದ್ದು, ನಮ್ಮ ಈ ಕೇಳುಗರ ಪ್ರಶ್ನೆಗೆ ಕಾರಿನಷ್ಟೇ ವಯಸ್ಸಾಗಿದೆ!

1888ರ ಆಗಸ್ಟ್ ತಿಂಗಳು. ಜರ್ಮನಿಯ ಮಾನ್‌ಹೈಮ್ ಪಟ್ಟಣ. ಕಾರ್ಲ್ ಬೆಂಝ್ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಅರ್ಜಿ ಹಾಕಿ ಎರಡೂವರೆ ವರ್ಷವಾಗಿತ್ತು. ಕೊಳ್ಳುವವರು ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಅವನ ಹೆಂಡತಿ ಬರ್ತಾ ಒಂದು ಬೆಳಗ್ಗೆ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆ ಬಂಡಿಯಲ್ಲಿ ಹೊರಟೇಬಿಟ್ಟಳು. ಗುರಿ, ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರುಮನೆ. ದೂರ ನೂರು ಕಿಲೋಮೀಟರಿಗೂ ಮೇಲೆ. ಅಷ್ಟು ದೂರ ಮೋಟಾರು ಬಂಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ.

ದಾರಿಯಲ್ಲಿ ಏನೇನಾಯಿತೆಂದು ಆ ಮನೆಯವರು ಮುಂದೆ ಹೇಳಿದ ಕಥೆ ಹೀಗಿದೆ. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವೇ ಆಗಿನ ಪೆಟ್ರೋಲು! ಇಂಧನದ ನಳಿಕೆ ಕಟ್ಟಿಕೊಂಡಾಗ ಬರ್ತಾ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಕಿಡಿ ಹಾರಿಸುವ ವೈರಿನ ಹೊದಿಕೆ ಸವೆದಾಗ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಚೈನು ಕೈಕೊಟ್ಟಾಗ ಬ್ರುಖ್‌ಸಾಲ್‌ನ ಕಮ್ಮಾರ ಸರಿಮಾಡಿದ. ಮರದ ಬ್ರೇಕು ಸವೆದಾಗ ಬೂಟು ಹೊಲಿಯುವವನೊಬ್ಬ ಅದಕ್ಕೆ ಚರ್ಮ ಹೊಡೆದುಕೊಟ್ಟ.

ಈ ಕಮ್ಮಾರ, ಬೂಟು ಹೊಲಿಯುವವ ಇಬ್ಬರೂ ಅಂದಿನವರೆಗೆ ಇಂಥ ಬಂಡಿಗೆ ಕೈ ಹಚ್ಚಿದವರಲ್ಲ. ಬರ್ತಾ ಮಾತ್ರ ಗಂಡನ ಜೊತೆ ದುಡಿದು ಬಂಡಿಯ ಒಳಗುಟ್ಟು ಬಲ್ಲವಳು. ಏನು ಕೆಟ್ಟಿದೆ ಎಂದು ತಾನೇ ಕಂಡುಹಿಡಿದು, ಆಮೇಲೆ ಆ ಕೆಲಸ ಬಲ್ಲವನ ಹತ್ತಿರ ಹೋದಳು. ನೋಡುವ ಕೆಲಸ ಒಬ್ಬರದು, ಸರಿಮಾಡುವ ಕೆಲಸ ಇನ್ನೊಬ್ಬರದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೇನೆ.

ಅದೇ ಮಾನ್‌ಹೈಮ್‌ನಲ್ಲಿ ಅದಕ್ಕೂ ಮೊದಲು ಇನ್ನೊಂದು ಘಟನೆ ನಡೆದಿತ್ತು. 1865ರಲ್ಲಿ ಅಲ್ಲಿನ ಬಿಯರ್ ಕಾರ್ಖಾನೆಯೊಂದರ ಹಬೆಯ ಬಾಯ್ಲರ್ ಸ್ಫೋಟಿಸಿತು. ಮರುವರ್ಷವೇ ಬಾಯ್ಲರ್ ಮಾಲೀಕರು ಸೇರಿ ಒಂದು ಸಂಘ ಕಟ್ಟಿಕೊಂಡರು. ಸಂಘದ ತಜ್ಞ ಬಂದು ಬಾಯ್ಲರ್ ಪರೀಕ್ಷಿಸಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅಷ್ಟೇ. ಇಂಥ ಸಂಘಗಳೇ ಬೆಳೆದು ಮುಂದೆ 'ಟ್ಯೂಫ್' ಎಂಬ ಹೆಸರಾಯಿತು. 1951ರಿಂದ ಜರ್ಮನಿಯಲ್ಲಿ ಮೋಟಾರು ವಾಹನಗಳ ನಿಯತಕಾಲಿಕ ತಪಾಸಣೆ ಕಡ್ಡಾಯ, 1961ರಿಂದ ಪಾಸಾದ ಗಾಡಿಯ ನಂಬರ್ ಪ್ಲೇಟಿನ ಮೇಲೆ ಪುಟ್ಟ ಗುಂಡು ಬಿಲ್ಲೆ. ತಪಾಸಣೆ ಮಾಡುವ ಎಂಜಿನಿಯರು ಗಾಡಿಯನ್ನು ರಿಪೇರಿ ಮಾಡುವುದಿಲ್ಲ, ಪಾರ್ಟು ಮಾರುವುದಿಲ್ಲ. ನಿಮ್ಮ ಬ್ರೇಕು ಕೆಟ್ಟಿದೆ ಎಂದು ಹೇಳಿದರೆ ಅವನಿಗೆ ಒಂದು ಪೈಸೆ ಲಾಭವಿಲ್ಲ. ಅದಕ್ಕೇ ಅವನ ಮಾತಿಗೆ ಬೆಲೆ.

ರಿಪೇರಿಯವನಿಗೂ ಅಲ್ಲಿ ಕಟ್ಟುನಿಟ್ಟು ಉಂಟು. 1953ರ ಕುಶಲಕರ್ಮಿ ಕಾನೂನಿನಂತೆ ಕಾರು ರಿಪೇರಿಯ ಗ್ಯಾರೇಜಿಗೆ 'ಮೈಸ್ಟರ್' ಪದವಿಯವನೊಬ್ಬ ಹೊಣೆಗಾರನಾಗಿ ಇರಬೇಕು. ಮೊದಲು ಕೆಲಸ ಕಲಿಯುವ ಹುಡುಗ, ಆಮೇಲೆ ಪಳಗಿದ ಕೆಲಸಗಾರ, ಪರೀಕ್ಷೆ ಪಾಸಾದ ಮೇಲೆ ಮೈಸ್ಟರ್. ನಮ್ಮ 'ಮೇಸ್ತ್ರಿ' ಪೋರ್ಚುಗೀಸರ ಮಾತಿನಿಂದ ಬಂದದ್ದು. ಅದಕ್ಕೂ ಜರ್ಮನರ 'ಮೈಸ್ಟರ್'ಗೂ ಮೂಲ ಒಂದೇ, ಗುರು ಎಂಬ ಅರ್ಥದ ಲ್ಯಾಟಿನ್ ಪದ. ಹೆಸರು ನಮಗೂ ಬಂತು, ಪರೀಕ್ಷೆ ಬರಲಿಲ್ಲ!

ಜರ್ಮನ್ ವಿದ್ಯೆ ನಮ್ಮ ಕಡೆ ಬಂದೇ ಇಲ್ಲ ಎನ್ನುವಂತಿಲ್ಲ. ರಾಬರ್ಟ್ ಬಾಷ್ ಎಂಬಾತ 1886ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪು ತೆರೆದ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದಿಂದ ಅವನ ಕಂಪನಿಗೆ ಹೆಸರು ಬಂತು. 1921ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ 'ಬಾಷ್ ಸರ್ವಿಸ್' ಗ್ಯಾರೇಜು ಶುರುವಾಯಿತು. ಮುಂದೆ ಇದೇ ಕಂಪನಿ ಬೆಂಗಳೂರಿಗೆ ಬಂತು. ಆಡುಗೋಡಿಯ ಮೈಕೋ ಎಂದರೆ ಯಾರಿಗೆ ಗೊತ್ತಿಲ್ಲ? ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡುತ್ತಿದ್ದ ಆ ಕಾರ್ಖಾನೆ ಎಷ್ಟೋ ಕನ್ನಡದ ಮನೆಗಳಿಗೆ ಅನ್ನ ಹಾಕಿತು, ಒಂದು ಬಡಾವಣೆಗೇ ಹೆಸರು ಕೊಟ್ಟಿತು. 2008ರಲ್ಲಿ ಮೈಕೋ ಹೋಗಿ ಬಾಷ್ ಲಿಮಿಟೆಡ್ ಆಯಿತು. ನಮ್ಮ ಕೇಳುಗರಲ್ಲಿ ಮೈಕೋದಲ್ಲಿ ದುಡಿದವರ ಮಕ್ಕಳು ಇದ್ದರೆ ಈಗ ಮುಗುಳ್ನಗುತ್ತಿರಬೇಕು.

ಇನ್ನು ಗಾಡಿಗಳ ಮಾತು. 1954ರಲ್ಲಿ ಟೆಲ್ಕೊ ಕಂಪನಿ ಡೈಮ್ಲರ್-ಬೆಂಝ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 1969ರವರೆಗೆ ನಮ್ಮ ಹೆದ್ದಾರಿಯ ಲಾರಿಗಳ ಮೂತಿಯ ಮೇಲೂ ಮರ್ಸಿಡಿಸ್ಸಿನ ಮೂರು ಮೂಲೆಯ ನಕ್ಷತ್ರವಿತ್ತು. ಲಾರಿ ಮೇಸ್ತ್ರಿಗಳು ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದ ಕಾಲ ಅದು. ಕಾರು ಬಂದದ್ದು ತಡವಾಗಿ. 1994ರಲ್ಲಿ ಮರ್ಸಿಡಿಸ್ ಇಲ್ಲಿ ಕಂಪನಿ ಸ್ಥಾಪಿಸಿತು, 1995ರಲ್ಲಿ ಪುಣೆಯಲ್ಲಿ ಇ ಕ್ಲಾಸ್ ಜೋಡಿಸತೊಡಗಿತು. 1996ರಲ್ಲಿ ಗುಜರಾತಿನ ಹಾಲೋಲ್‌ನಿಂದ ಓಪೆಲ್ ಆಸ್ಟ್ರಾ ಬಂತು, 2000ದಲ್ಲಿ ಕೋರ್ಸಾ ಬಂತು.

ಓಪೆಲ್ಲಿನ ಕಥೆ ಕೇಳಿ. 1862ರಲ್ಲಿ ಹೊಲಿಗೆ ಯಂತ್ರ ಮಾಡುತ್ತಾ ಶುರುವಾದ ಜರ್ಮನ್ ಕಂಪನಿ ಅದು, 1929ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕೈಸೇರಿತು. 2006ರಲ್ಲಿ ಓಪೆಲ್ ಹೆಸರೇ ಭಾರತದಲ್ಲಿ ನಿಂತುಹೋಯಿತು. 2017ರ ಕೊನೆಗೆ ಜನರಲ್ ಮೋಟಾರ್ಸ್ ಕೂಡ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಆಸ್ಟ್ರಾ ಕೊಂಡವರು ಏನು ಮಾಡಬೇಕು? ಚೆನ್ನೈಯ ಪುದುಪೇಟೆ, ದಿಲ್ಲಿಯ ಕಾಶ್ಮೀರಿ ಗೇಟ್, ಮುಂಬೈ ಕುರ್ಲಾದ ಗುಜರಿ ಅಂಗಡಿಗಳು, ಬೆಂಗಳೂರಿನ ಜೆ.ಸಿ. ರಸ್ತೆ, ಇವೇ ಗತಿ. ಕಂಪನಿ ಹೋದ ಮೇಲೂ ಉಳಿದವನು ಬೀದಿಯ ಮೆಕ್ಯಾನಿಕ್ ಒಬ್ಬನೇ.

ಆದರೆ ಅವನ ಪಾಡೂ ಸುಲಭವಲ್ಲ. 1967ರಲ್ಲಿ ಬಾಷ್ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿಗೆ ಹಾಕಿದ ಮೇಲೆ ಕಾರಿನ ರೋಗ ಕಿವಿಗೆ ಕೇಳದ ಜಾಗಕ್ಕೆ ಹೋಗಿ ಕೂತಿತು. ತೊಂಬತ್ತರ ದಶಕದ ಹೊತ್ತಿಗೆ ಒಂದೊಂದು ಕಂಪನಿಗೆ ಒಂದೊಂದು ಸ್ಕ್ಯಾನರ್, ಒಂದೊಂದು ಪ್ಲಗ್ಗು. ಅದನ್ನು ಹೊರಗಿನ ಗ್ಯಾರೇಜಿಗೆ ಕೊಡುವವರಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ತಪಾಸಣೆಯ ಉಪಕರಣ ಎರಡನ್ನೂ ಹೊರಗಿನವರಿಗೆ ಸಿಗದಂತೆ ಮಾಡಿದ್ದೀರಿ ಎಂಬುದು ಆಯೋಗದ ಮಾತು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರ ಸರಕಾರ 'ರಿಪೇರಿಯ ಹಕ್ಕಿ'ಗೆಂದು ಸಮಿತಿ ಮಾಡಿದಾಗ ಕಾರುಗಳನ್ನೂ ಅದರಲ್ಲಿ ಸೇರಿಸಿತು. ಅಂದರೆ ಬೀದಿಯ ಮೆಕ್ಯಾನಿಕ್ ತಪ್ಪಿದಾಗೆಲ್ಲ ಅವನು ಮೋಸಗಾರನೇ ಆಗಿರಬೇಕಿಲ್ಲ. ಎಷ್ಟೋ ಸಲ ಅವನು ಕತ್ತಲಲ್ಲಿ ತಡಕುತ್ತಿರುತ್ತಾನೆ.

ಈಗ ಡೊಂಬಿವಲಿಗೆ ವಾಪಸು ಬರೋಣ. ತೊಂಬತ್ತರ ದಶಕದ ಮೊದಲರ್ಧದ ಹಲವು ಮರ್ಸಿಡಿಸ್‌ಗಳಲ್ಲಿ ಒಂದು ಪ್ರಸಿದ್ಧ ದೋಷವಿದೆ. ಎಂಜಿನ್ ಮೇಲಿನ ವೈರುಗಳ ಹೊದಿಕೆ ಶಾಖಕ್ಕೆ ಒಣಗಿ, ಹಪ್ಪಳದಂತೆ ಪುಡಿಯಾಗಿ ಉದುರುತ್ತದೆ. ಬರಿ ತಂತಿಗೆ ತಂತಿ ತಗುಲಿದಾಗ ಎಂಜಿನ್ ತಬ್ಬಿಬ್ಬಾಗುತ್ತದೆ. ಗೊತ್ತಿಲ್ಲದವರು ಸೆನ್ಸರ್ ಬದಲಿಸುತ್ತಾರೆ, ಪಂಪು ಬದಲಿಸುತ್ತಾರೆ, ದುಬಾರಿ ಕಂಪ್ಯೂಟರ್ ಪೆಟ್ಟಿಗೆಯನ್ನೂ ಬದಲಿಸುತ್ತಾರೆ. ತಿಳಿದವನು ಮೊದಲು ಆ ವೈರನ್ನು ಬೆರಳಲ್ಲಿ ಮೆಲ್ಲಗೆ ಬಾಗಿಸಿ ನೋಡುತ್ತಾನೆ. 1888ರಲ್ಲಿ ಬರ್ತಾ ಪಟ್ಟಿ ಸುತ್ತಿದ್ದೂ ಇಂಥದೇ ವೈರಿಗಲ್ಲವೇ?

ಇದನ್ನು ಆ ಕೇಳುಗರಿಗೆ ಫೋನಿನಲ್ಲಿ ಹೇಳಿ, ಜೊತೆಗೆ ಒಂದು ಉಪಾಯ ಸೂಚಿಸಿದೆ. "ರಿಪೇರಿ ಮಾಡಿಕೊಡಿ ಎಂದು ಕೇಳಬೇಡಿ. ನೋಡಿ ಹೇಳಿ, ನೋಡಿದ್ದಕ್ಕೇ ಕೂಲಿ ಕೊಡುತ್ತೇನೆ ಎನ್ನಿ." ನಾವು ಮಾಡುವ ದೊಡ್ಡ ತಪ್ಪು ಅಲ್ಲೇ ಇದೆ. ಡಾಕ್ಟರು ನಾಡಿ ಹಿಡಿದದ್ದಕ್ಕೆ ಫೀಸು ಕೊಡುತ್ತೇವೆ. ಮೆಕ್ಯಾನಿಕ್ ಎರಡು ಗಂಟೆ ಬಾನೆಟ್ಟಿನೊಳಗೆ ತಲೆ ಹಾಕಿ ಹುಡುಕಿದ್ದಕ್ಕೆ ಏನೂ ಕೊಡುವುದಿಲ್ಲ. ಅವನ ಹೊಟ್ಟೆಪಾಡು ನಡೆಯಬೇಕಾದರೆ ಏನಾದರೊಂದು ಪಾರ್ಟು ಹಾಕಲೇಬೇಕು. ಅವನನ್ನು ಪಾರ್ಟಿನ ವ್ಯಾಪಾರಿಯಾಗಿ ಮಾಡಿದವರಲ್ಲಿ ನಾವೂ ಸೇರಿದ್ದೇವೆ.

ಅವರು ಹಾಗೇ ಮಾಡಿದರು. ಇಬ್ಬರು ಮೆಕ್ಯಾನಿಕ್‌ಗಳು ನಕ್ಕು ಕಳಿಸಿದರಂತೆ. ಮೂರನೆಯವನು ಒಂದು ದಿನ ಗಾಡಿ ಇಟ್ಟುಕೊಂಡ. ಸಂಜೆ ಕರೆದು, ವೈರಿನ ಕವಚ ಬಿಡಿಸಿ ತೋರಿಸಿದ. ಹೊದಿಕೆ ಪುಡಿಪುಡಿಯಾಗಿ ಅವನ ಅಂಗೈಗೆ ಬಿತ್ತು. "ಹಿಂದೆ ಹಾಕಿದ ಮೂರು ಪಾರ್ಟೂ ಬೇಕಿರಲಿಲ್ಲ ಸಾಹೇಬರೇ" ಎಂದನಂತೆ. ಹೊಸ ವೈರಿಂಗ್ ಬರಲು ಐದು ವಾರ ಹಿಡಿಯಿತು. ಕೆಲಸ ಮುಗಿದ ದಿನ ಹಳೇ ವೈರಿಂಗನ್ನು ಮರಾಠಿ ಪೇಪರಿನಲ್ಲಿ ಸುತ್ತಿ, ಕೇಳದೆಯೇ ಡಿಕ್ಕಿಯಲ್ಲಿ ಇಟ್ಟಿದ್ದ.

ನೀವೂ ಹಳೇ ಜರ್ಮನ್ ಕಾರಿನವರಾದರೆ, ಆಸ್ಟ್ರಾ ಇರಲಿ, ಇ ಕ್ಲಾಸ್ ಇರಲಿ, ಮೆಕ್ಯಾನಿಕ್ ಬಳಿ ಇಷ್ಟು ಕೇಳಿ. ಇದೇ ಮಾಡೆಲ್ಲಿನ ಬೇರೆ ಗಾಡಿ ನಿಮ್ಮ ಹತ್ತಿರ ಬರುತ್ತವೆಯೇ? ಪಾರ್ಟು ಬದಲಿಸುವ ಮೊದಲು ಅದೇ ಕೆಟ್ಟಿದೆ ಎಂದು ಹೇಗೆ ತಿಳಿಯಿತು, ತೋರಿಸುತ್ತೀರಾ? ಹಳೇ ಪಾರ್ಟು ವಾಪಸು ಕೊಡುತ್ತೀರಾ? ಉತ್ತರಕ್ಕಿಂತ, ಕೇಳಿದಾಗ ಅವನಿಗೆ ಸಿಟ್ಟು ಬರುತ್ತದೆಯೇ ನೋಡಿ. ಬಲ್ಲವನಿಗೆ ತೋರಿಸುವುದೆಂದರೆ ಖುಷಿ. ದೊಡ್ಡ ಖರ್ಚಿದ್ದರೆ ಇನ್ನೊಬ್ಬನಿಗೆ ತೋರಿಸಿ, ಅವನಿಗೆ ರಿಪೇರಿ ಕೆಲಸ ಕೊಡುವುದಿಲ್ಲವೆಂದು ಮೊದಲೇ ಹೇಳಿ, ನೋಡಿದ ಕೂಲಿ ಕೊಡಿ. ನಮಗೆ ಟ್ಯೂಫ್ ಇಲ್ಲದಿದ್ದರೇನು, ಇಷ್ಟನ್ನು ನಾವೇ ಮಾಡಿಕೊಳ್ಳಬಹುದು. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಏನು, ಯಾವಾಗ, ಎಷ್ಟು ಕಿಲೋಮೀಟರಿಗೆ ಬದಲಾಯಿತೆಂದು ಬರೆದಿಡಿ. ಮುಂದಿನ ಮೆಕ್ಯಾನಿಕ್‌ಗೆ ಅದೇ ಜಾತಕ.

ದಿಲ್ಲಿಯ ಕೇಳುಗರಿಗೆ ಒಂದು ಎಚ್ಚರಿಕೆ. 2015ರ ಹಸಿರು ನ್ಯಾಯಮಂಡಳಿ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶಗಳಿಂದಾಗಿ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳಿಗೆ ತೊಡಕಿದೆ. 2025ರಲ್ಲೂ ಈ ವಿಷಯ ಕೋರ್ಟಿನ ಮುಂದೆ ಬಂದಿತ್ತು. ರಿಪೇರಿಗೆ ದುಡ್ಡು ಸುರಿಯುವ ಮೊದಲು ಸದ್ಯದ ನಿಯಮ ಏನಿದೆ ಎಂದು ವಿಚಾರಿಸಿಕೊಳ್ಳಿ.

ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ಹಾಡಿನ ಕೋರಿಕೆಯೇ. "ಮೇ ತಿಂಗಳು ಊರಿಗೆ ಹೊರಟಿದ್ದೇವೆ. ಕಾರು ಓಡಿಸುವವನು ಮಗ" ಎಂದರು. ಗುಜರಿಗೆ ಹಾಕಿ ಎಂದವನೇ! ಹೊರಡುವ ಭಾನುವಾರ ಅವರ ಹಾಡನ್ನು ಮೊದಲು ಹಾಕುತ್ತೇನೆ. ನೀವೂ ರೇಡಿಯೋ ಹಾಕಿಕೊಂಡಿರಿ.