ಪಾದೆಯ ಮನೆ, ಮುರಕಲ್ಲಿನ ಗುಹೆ: ನಮ್ಮ ಬೃಹತ್‌ಶಿಲಾ ಸಮಾಧಿಗಳ ಅಧ್ಯಯನ

ಬೃಹತ್‌ಶಿಲಾ ಸಮಾಧಿಗಳ ಪ್ರಸ್ತಾಪ ಬಂದೊಡನೆ ಡೆನ್ಮಾರ್ಕ್, ಸ್ವೀಡನ್‌ಗಳ ಚಿತ್ರಪುಸ್ತಕಗಳನ್ನು ಬಿಚ್ಚಿ, ಅಲ್ಲಿಯ ಕಲ್ಮನೆಗಳನ್ನು ಕಟ್ಟಿದ ಜನವೇ ಎಂದೋ ಕಡಲು ದಾಟಿ ನಮ್ಮ ಕಡೆಗೂ ಬಂದಿತೆಂದು ಸಾಧಿಸಹೊರಡುವ ಉತ್ಸಾಹಿಗಳು ಈಚೆಗೆ ಹೆಚ್ಚಾಗಿರುವುದರಿಂದ, ಬಹುಕಾಲ ಈ ಶಾಸ್ತ್ರದ ಮೂಲೆಯೊಂದರಲ್ಲಿ ಮೌನವಾಗಿ ಕುಳಿತಿದ್ದ ನಾನು ನಾಲ್ಕು ಮಾತು ಬರೆಯಬೇಕಾಗಿದೆ. ಸ್ಕ್ಯಾಂಡಿನೇವಿಯದ ಉದ್ದದಿಬ್ಬಗಳೂ ಕಲ್ಮನೆಗಳೂ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ ನವಶಿಲಾಯುಗದ ಬೇಸಾಯಗಾರರು ಕಟ್ಟಿದವು. ನಮ್ಮವು ಬಹುಮಟ್ಟಿಗೆ ಕ್ರಿ.ಪೂ. ಒಂದನೆಯ ಸಹಸ್ರಮಾನದಲ್ಲಿ ಕಬ್ಬಿಣವನ್ನು ಬಲ್ಲವರು ಕಟ್ಟಿದವು. ಸಾಮ್ಯವೇನಾದರೂ ಇದ್ದರೆ ಅದು ಹಳ್ಳಿಗರ ಬಾಯಲ್ಲಿದೆ: ಡೇನರು ಅವನ್ನು ದೈತ್ಯರ ಕೋಣೆಗಳೆಂದರು, ನಮ್ಮವರು ಪಾಂಡವರ ಮನೆ, ಮೋರಿಯರ ಮನೆ ಎಂದರು. ಭೀಮನ ಗದೆ ಬಿದ್ದು ಕೆರೆಯಾಯಿತೆನ್ನುವ ಕಾರಿಂಜದ ಗದಾತೀರ್ಥ ನಮ್ಮ ಪುಂಜಾಲಕಟ್ಟೆಗೆ ದೂರವಲ್ಲ. ಕರ್ತೃ ತಿಳಿಯದ ದೊಡ್ಡ ಕೆಲಸವನ್ನೆಲ್ಲ ಪಾಂಡವರ ಲೆಕ್ಕಕ್ಕೆ ಬರೆಯುವ ಈ ನಾಡಿನ ರೂಢಿ, ವಿದ್ವಾಂಸರ ವಲಸೆವಾದಕ್ಕಿಂತ ನಿರುಪದ್ರವಿ.

ಆರಂಭದ ಕಥೆ ಎಲ್ಲರಿಗೂ ತಿಳಿದದ್ದೇ. 1823ರಲ್ಲಿ ಬ್ಯಾಬಿಂಗ್ಟನ್ ಮಲಬಾರಿನ ಗೋರಿಗಳ ವರದಿ ಪ್ರಕಟಿಸಿದರು. ಶತಮಾನದ ನಡುವಿನಲ್ಲಿ ಸುರಪುರದ ಮೆಡೋಸ್ ಟೇಲರ್ ಜೇವರ್ಗಿ ಮೊದಲಾದೆಡೆ ಅಗೆಸಿ, ಕಂಡುದನ್ನು ಶ್ರದ್ಧೆಯಿಂದ ಬರೆದಿಟ್ಟು, ಕೊನೆಗೆ ಕೆಲ್ಟರನ್ನೂ ಸಿಥಿಯನರನ್ನೂ ತಂದು ಭೀಮಾತೀರದಲ್ಲಿ ಕೂರಿಸಿದರು. ಮುಂದೆ 1947ರಲ್ಲಿ ವೀಲರರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ ಶಾಸ್ತ್ರಕ್ಕೆ ಪದರಕ್ರಮದ ಶಿಸ್ತು ಬಂದಿತು. ಸ್ವಸ್ತಿಕದಂತೆ ಒಂದಕ್ಕೊಂದು ಆತು ನಿಂತ ಚಪ್ಪಡಿಗಳು, ಪೂರ್ವದ ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ, ಇವೆಲ್ಲವನ್ನೂ ನಾವು ಅವರ ನಕ್ಷೆಗಳಿಂದಲೇ ಕಲಿತೆವು. ಆದರೆ ಅವರಿಗಿಂತ ಮೊದಲೇ ಮೈಸೂರಿನ ಎಂ. ಎಚ್. ಕೃಷ್ಣ ಅವರು ಅದೇ ಬೆಟ್ಟದ ಬುಡದಲ್ಲಿ ಅಗೆದಿದ್ದರೆಂಬುದನ್ನು ಪಠ್ಯಪುಸ್ತಕಗಳು ಮರೆಯುತ್ತವೆ. ವೀಲರರು ಈ ಸಮಾಧಿಗಳನ್ನು ಕ್ರಿ.ಪೂ. ಸುಮಾರು 200ರ ಈಚೆಗೆ ಎಳೆದಿದ್ದರೆಂಬುದನ್ನು ಅವರ ಭಕ್ತರು ಮರೆಯುತ್ತಾರೆ.

ಆ ಕಾಲನಿರ್ಣಯವನ್ನು ಸಡಿಲಿಸಿದ್ದು ಹಳ್ಳೂರು. 1965ರಲ್ಲಿ ತುಂಗಭದ್ರೆಯ ದಂಡೆಯ ಆ ದಿಬ್ಬವನ್ನು ಎಂ. ಎಸ್. ನಾಗರಾಜರಾಯರು ಅಗೆದಾಗ, ಅಲ್ಲಿಯ ಇದ್ದಲಿನ ವಿಕಿರಣ ಪರೀಕ್ಷೆ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ಸುಮಾರು 1000ದಷ್ಟು ಹಿಂದಕ್ಕೆ ಒಯ್ದಿತು. ನಮ್ಮ ತಲೆಮಾರಿಗೆ ಅದು ಉತ್ಸವದ ಕಾಲ. 1972ರಲ್ಲಿ ಬಿ. ಕೆ. ಗುರುರಾಜರಾಯರ ಸಮಗ್ರ ಗ್ರಂಥ ಬಂದಿತು, 1975ರಲ್ಲಿ ಅ. ಸುಂದರ ಅವರ, ದಕ್ಷಿಣದ ಕೋಣೆಸಮಾಧಿಗಳನ್ನು ಕುರಿತ ಗ್ರಂಥ. ಸುಂದರರ ಪಂಥಕ್ಕೆ ನಾನು ಸೇರಿದವನೆಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲಿಯವರೆಗೆ ಸಮಾಧಿಯೆಂದರೆ ಮಡಕೆ, ಮೂಳೆ, ಕಬ್ಬಿಣದ ತುಂಡುಗಳ ಪಟ್ಟಿಯಾಗಿತ್ತು. ಅವರು ಅದನ್ನು ಕಟ್ಟಡವೆಂದು ಓದಿದರು. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ನೂರಾರು ಕಲ್ಮನೆಗಳ ನಡುವೆ ನಿಂತವನಿಗೆ, ಬಂಡೆಯ ಪದರವನ್ನು ಎಬ್ಬಿಸಿದ ಜಾಗವೂ, ಆ ಪದರವೇ ಗೋಡೆಯಾಗಿ ನಿಂತ ಜಾಗವೂ ಕೆಲವೇ ಹೆಜ್ಜೆಗಳ ಅಂತರದಲ್ಲಿ ಕಾಣುವುದರಿಂದ, ರೂಪವನ್ನು ನಿಶ್ಚಯಿಸಿದ್ದು ದೂರದೇಶದ ನೆನಪಲ್ಲ, ಕಾಲಡಿಯ ಕಲ್ಲು ಎಂಬ ಅರಿವು ತಾನಾಗಿ ಬರುತ್ತದೆ.

ಈ ಅರಿವನ್ನು ಹಿಡಿದುಕೊಂಡು ಘಟ್ಟ ಇಳಿದವರು ವಿರಳ. ಕರಾವಳಿಯಲ್ಲಿ ಕಾಲಡಿಯದು ಮುರಕಲ್ಲು. ನೆಲದೊಳಗೆ ಮೆದು, ಗಾಳಿಗೆ ಬಿದ್ದರೆ ಗಟ್ಟಿ. ಚಪ್ಪಡಿಯಾಗಿ ಏಳದ ಆ ಕಲ್ಲಿನಲ್ಲಿ ನಮ್ಮ ಪೂರ್ವಿಕರು ಗೋರಿಯನ್ನು ಕಟ್ಟದೆ ಕೊರೆದರು: ದುಂಡು ಕೋಣೆ, ಗುಮ್ಮಟದಂಥ ಮಾಡು, ನೆತ್ತಿಯಲ್ಲೊಂದು ರಂಧ್ರ. ಕೊಚ್ಚಿಯ ಕಡೆಯ ಇಂಥ ಗುಹೆಗಳನ್ನು ವೈ. ಡಿ. ಶರ್ಮರು 1956ರಲ್ಲಿಯೇ ವಿವರಿಸಿದರು. ಕಾಸರಗೋಡಿನಲ್ಲಿಯೂ ಅವು ಹಲವಿವೆ. ತುಳುನಾಡಿನ ಇತಿಹಾಸಕ್ಕೆ ಅಡಿಪಾಯ ಹಾಕಿದ ಪಾದೂರು ಗುರುರಾಜ ಭಟ್ಟರ ಆಂಗ್ಲ ಗ್ರಂಥವೂ 1975ರದೇ. ಸುಂದರರ ಪುಸ್ತಕವನ್ನೂ ಅದನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ವಿದ್ಯಾರ್ಥಿಗಳು ಎಷ್ಟು ಮಂದಿಯೋ!

ಪಾದೆ ಮೇಲೆದ್ದಲ್ಲಿ ಕರಾವಳಿಯವರೂ ಕಲ್ಮನೆಯನ್ನೇ ಕಟ್ಟಿದರೆಂಬುದಕ್ಕೆ ಮೂಡುಬಿದಿರೆಯ ಬಳಿಯ ಮೂಡುಕೊಣಾಜೆ ಸಾಕ್ಷಿ. 1980ರ ದಶಕದಲ್ಲಿ ಪುಂಡಿಕಾಯಿ ಗಣಪಯ್ಯ ಭಟ್ಟರು ಇದನ್ನು ಬೆಳಕಿಗೆ ತಂದರು. ಕಲ್ಲುಗುಡ್ಡದ ಇಳಿಜಾರಿನ ಒಂಬತ್ತರಲ್ಲಿ ಈಗ ನೆಟ್ಟಗೆ ಉಳಿದಿರುವುವು ಎರಡು. 2023ರಲ್ಲಿ ಟಿ. ಮುರುಗೇಶಿಯವರು ಅಲ್ಲಿಂದ ಮಾತೃದೇವತೆ, ಗೂಳಿ, ನವಿಲು, ಕುದುರೆಗಳ ಸುಟ್ಟಮಣ್ಣಿನ ಗೊಂಬೆಗಳನ್ನು ವರದಿ ಮಾಡಿ, ಕ್ರಿ.ಪೂ. 800–700ರ ಕಾಲವನ್ನು ಸೂಚಿಸಿದರು. ಪತ್ರಿಕೆಗಳು ಒಂದು ವಾರ ಸಂಭ್ರಮಿಸಿದವು. ಅನ್ವೇಷಣೆಯಲ್ಲಿ ದೊರೆತ ಗೊಂಬೆಗೆ ಕ್ರಮಬದ್ಧ ಉತ್ಖನನದ ಬೆಂಬಲ ದೊರೆತಾಗಲೇ ಆ ಕಾಲ ಗಟ್ಟಿಯಾಗುವುದೆಂಬ ಮಾತನ್ನು ಮಾತ್ರ ಯಾರೂ ಅಚ್ಚುಹಾಕಲಿಲ್ಲ.

ಡೆನ್ಮಾರ್ಕ್ 1937ರಲ್ಲಿ ಶಾಸನ ಮಾಡಿ ತನ್ನ ದಿಬ್ಬಗಳನ್ನೂ ಕಲ್ಮನೆಗಳನ್ನೂ ರಕ್ಷಿಸಿಕೊಂಡಿತು. ಅವರಿಂದ ಅನುಕರಿಸತಕ್ಕದ್ದು ಇದೊಂದು. ನಮ್ಮ ಪದವುಗಳಲ್ಲಿ ಹಗಲಿಡೀ ಕಲ್ಲು ಕೊರೆಯುವ ಯಂತ್ರಗಳ ಸದ್ದು. ಮುರಕಲ್ಲಿನ ಗುಹೆಗೆ ಮೇಲೆ ಗುರುತಿರುವುದಿಲ್ಲ. ಯಂತ್ರ ತಾಗಿದ ಮೇಲೆ ಗುಹೆಯೂ ಇರುವುದಿಲ್ಲ. ಆದಕಾರಣ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೋರೆಯ ಮಾಲಿಕರಲ್ಲಿ ನನ್ನ ಬಿನ್ನಹವಿಷ್ಟೆ: ನೆಲ ಟೊಳ್ಳೆನಿಸಿದಲ್ಲಿ ಒಂದು ದಿನ ಕೆಲಸ ನಿಲ್ಲಿಸಿ, ಸಮೀಪದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಹೇಳಿಕಳುಹಿಸಿರಿ.