ಪಟ್ಟಣದ ಪಿಸ್ತೂಲು, ಪತ್ತಿಕೊಂಡದ ಬಾವಿ



ಪತ್ತಿಕೊಂಡ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಥಾಮಸ್ ಮನ್ರೋ. 1827ರ ಜುಲೈ 6ರಂದು ಕಾಲರಾ ತಗುಲಿ ಇಲ್ಲಿಯೇ ತೀರಿಕೊಂಡ ಆತನ ನೆನಪಿಗೆ ಬಾವಿಯನ್ನೂ ತೋಪನ್ನೂ ಮಾಡಿಸಿದರು. ಈ ಪಾಠ ಮಾಡುವಾಗ ಒಬ್ಬ ಹುಡುಗ ಕೇಳಿದ: "ಸಾರ್, ಆಗ ತೋಟಾ ಇರಲಿಲ್ಲವಲ್ಲ, ಪಿಸ್ತೂಲು ಹೆಂಗ ಹಾರ್ತಿತ್ತು?" ಪುಸ್ತಕದಲ್ಲಿ ಉತ್ತರವಿರಲಿಲ್ಲ. ನಾವೇ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಂದಿನದು ಚಕಮಕಿ ಪಿಸ್ತೂಲು. ಅದರ ಜೀವವೆಲ್ಲ ಒಂದು ಸ್ಪ್ರಿಂಗಿನಲ್ಲಿ. ಮಡಚಿದ ಉಕ್ಕಿನ ಪಟ್ಟಿಯಂಥ ಆ ಸ್ಪ್ರಿಂಗು, ಟ್ರಿಗರ್ ಎಳೆದೊಡನೆ ಕುದುರೆಯನ್ನು ಮುಂದಕ್ಕೆ ತಳ್ಳುತ್ತದೆ. ಕುದುರೆಯ ಬಾಯಲ್ಲಿರುವ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿ, ಮದ್ದು ಹೊತ್ತಿಕೊಳ್ಳುತ್ತದೆ. ಸ್ಪ್ರಿಂಗು ಸಡಿಲವಾದರೆ ಕಿಡಿಯೇ ಬಾರದು. ಅತಿ ಬಿಗಿಯಾದರೆ ಕಲ್ಲು ಒಡೆಯುತ್ತದೆ. ಮುರಿದರೆ ಹೊಸದನ್ನು ಬಡಿದು ಮಾಡಬೇಕು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಮುರಿಯುತ್ತದೆ. ಮತ್ತೆ ಹದವಾಗಿ ಕಾಯಿಸಿದರೆ ಮಾತ್ರ ಬಾಗಿ ಹಿಂದಿರುಗುವ ಗುಣ ಬರುತ್ತದೆ. ಅದನ್ನು ಜೋಡಿಸಿದ ಮೇಲೆ ಬರೀ ಕಿಡಿ, ಆಮೇಲೆ ಮದ್ದು, ಕೊನೆಗೆ ಗುಂಡು ಹಾಕಿ ಗುರಿಯಿಟ್ಟು ನೋಡಿದರೆ ದುರಸ್ತಿ ಸರಿಯಾಯಿತೋ ಇಲ್ಲವೋ ತಿಳಿಯುತ್ತದೆ.

ಇಂಥ ಹದ ಬಲ್ಲ ಕುಶಲರು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿದ್ದರು. ಅಲ್ಲಿ ತಯಾರಾದ ಕೋವಿ, ಪಿಸ್ತೂಲುಗಳ ಮೇಲೆ ಹುಲಿಪಟ್ಟೆ, ಹುಲಿಮುಖ, 'ಪಟ್ಟಣ' ಎಂಬ ಊರ ಹೆಸರು, ಮೌಲೂದಿ ವರ್ಷ ಇವೆ. ಜೋಡಿ ಪಿಸ್ತೂಲುಗಳಲ್ಲಿ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಕುದುರೆ ಕೂರಿಸಿದ್ದೂ ಉಂಟು. ಎಡಗಡೆಯದಕ್ಕೆ ಪ್ರತಿಯೊಂದು ಸ್ಪ್ರಿಂಗನ್ನೂ ತಿರುಗುಮುರುಗಾಗಿ ಮಾಡಬೇಕು!

ಇದು ನಮ್ಮ ಸೀಮೆಗೆ ದೂರದ ಕಥೆಯಲ್ಲ. 1786ರಲ್ಲಿ ಟಿಪ್ಪು ನಮ್ಮ ಆದೋನಿಗೇ ಮುತ್ತಿಗೆ ಹಾಕಿ, ಗೆದ್ದು, ಕೋಟೆಯನ್ನು ಕೆಡವಿಸಿದ. ಮರುವರ್ಷದ ಒಪ್ಪಂದದಲ್ಲಿ ಊರು ನಿಜಾಮನಿಗೆ ಮರಳಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ 929 ಫಿರಂಗಿಗಳು ಸಿಕ್ಕವು. ಅಲ್ಲಿನ ಕಾರ್ಖಾನೆಗಳ ಕಾಲ ಮುಗಿಯಿತು. 1800ರಲ್ಲಿ ನಿಜಾಮ ಬಳ್ಳಾರಿ, ಕಡಪಗಳೊಡನೆ ನಮ್ಮ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟ. ಆಡಳಿತಕ್ಕೆ ಬಂದವನು ಮೈಸೂರಿನ ಯುದ್ಧಗಳನ್ನು ಕಂಡಿದ್ದ ಇದೇ ಮನ್ರೋ. ಆತ ಪಾಳೆಯಗಾರರ ಪಡೆಗಳನ್ನು ಅಡಗಿಸಿದ. 1878ರ ಶಸ್ತ್ರ ಕಾಯಿದೆ ಪರವಾನಗಿಯನ್ನು ಇನ್ನಷ್ಟು ಬಿಗಿ ಮಾಡಿತು. ಸ್ವತಂತ್ರ ಭಾರತದ 1959ರ ಕಾಯಿದೆಯಂತೆ ಇಂದಿಗೂ ಬಂದೂಕು ತಯಾರಿಸಿ ಮಾರುವುದಷ್ಟೇ ಅಲ್ಲ, ಆ ಕಸುಬಿನಲ್ಲಿ ದುರಸ್ತಿ ಮಾಡುವುದಕ್ಕೂ, ಹಾರಿಸಿ ಪರೀಕ್ಷಿಸುವುದಕ್ಕೂ ಪರವಾನಗಿ ಬೇಕು. ಇದು ನ್ಯಾಯವೇ; ಊರೂರಿಗೆ ಬಂದೂಕು ಇರಬೇಕೆಂದು ನಾವು ಹೇಳುತ್ತಿಲ್ಲ.

ನಮ್ಮ ಸಂಕಟ ಬೇರೆ. ಪಾಠದಲ್ಲಿ ಗೆದ್ದವರ, ಸೋತವರ ಹೆಸರುಗಳಿವೆ. ಮನ್ರೋವಿಗೆ ಬಾವಿಯಿದೆ. ಉಕ್ಕಿನ ಹದ ಬಲ್ಲವನಿಗೆ ಏನಿದೆ?

ಆ ಹುಡುಗನನ್ನು ಕುಲುಮೆಗೆ ಕರೆದೊಯ್ದೆವು. ಅಲ್ಲಿ ಲಾರಿಯ ಹಳೆಯ ಪಟ್ಟಾ ಕಾಯಿಸಿ ಕುಡುಗೋಲು ಬಡಿಯುತ್ತಿದ್ದರು. "ಸಾರ್, ಇದೂ ಸ್ಪ್ರಿಂಗೇ ಅಲ್ವಾ?" ಎಂದ.

ಹೌದು ಮಗು, ಇದೂ ಸ್ಪ್ರಿಂಗೇ. ಇತಿಹಾಸದ ಪಾಠ ಇಲ್ಲಿಂದಲೂ ಶುರುವಾಗಬಹುದು.