ಕಿರದಳ್ಳಿ ತಾಂಡಾದ ಆರ್ಸೆನಿಕ್ ಚರ್ಮರೋಗ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಿಂದ ಕಾಣಿಸಿಕೊಂಡ, ಮುಂದೆ ಚರ್ಮದ ಕ್ಯಾನ್ಸರಿಗೆ ತಿರುಗಬಲ್ಲ ವಿಷಬಾಧೆ. ಹಳೆಯ ಚಿನ್ನದ ಗಣಿಗಳಿದ್ದ ಮಂಗಳೂರು ಶಿಲಾಪಟ್ಟಿ ಇದರ ನೆಲೆ. ಇದು ಕರಾವಳಿಯ ಮಂಗಳೂರಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದ 59 ನೀರಿನ ಮಾದರಿಗಳಲ್ಲಿ ಶೇ 79ರಷ್ಟು ಆರ್ಸೆನಿಕ್‌ಗಿರುವ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದ್ದವು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ. ತಪಾಸಣೆಗೊಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಯ ಚರ್ಮದಲ್ಲಿ ಲಕ್ಷಣಗಳಿದ್ದವು.

ಅಂಗೈ, ಅಂಗಾಲು ಗಡುಸಾಗಿ ಗಂಟುಗಟ್ಟುತ್ತವೆ. ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆಗಳೇಳುತ್ತವೆ. ಕ್ಯಾನ್ಸರ್ ಬರುವುದು ಎಷ್ಟೋ ವರ್ಷಗಳ ನಂತರ. ಕೂಲಿಯವರ ಕೈಯಲ್ಲಾದರೆ ಈ ಗಡುಸನ್ನು ದುಡಿಮೆಯ ಜಡ್ಡೆಂದು ತಳ್ಳಿಹಾಕುವುದು ಸುಲಭ. ಆದ್ದರಿಂದಲೇ ಇಲ್ಲಿ ವೈದ್ಯರ ಮಾತಿಗೆ ಔಷಧಿಯಷ್ಟೇ ತೂಕ. ಚರ್ಮದ ಕ್ಯಾನ್ಸರಿನ ಬಗ್ಗೆ ಸಾಮಾನ್ಯವಾಗಿ ಹೇಳುವ ಬಿಸಿಲಿನ ಎಚ್ಚರಿಕೆಯೊಂದೇ ಸಾಲದು. ಯಾವ ನೀರು, ಎಷ್ಟು ವರ್ಷದಿಂದ ಎಂದು ಕೇಳಬೇಕು. ಕುದಿಸಿದರೆ ಆರ್ಸೆನಿಕ್ ಹೋಗದು, ಈ ರೋಗ ಅಂಟುವುದಿಲ್ಲ ಎಂಬೆರಡನ್ನೂ ಬಿಡಿಸಿ ಹೇಳಬೇಕು. ಯಾದಗಿರಿ ಸೀಮೆಯವರು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಬರುತ್ತಾರೆ. ಹಾಗಾಗಿ ಅಲ್ಲಿನ ಯಲಹಂಕ, ಹೆಬ್ಬಾಳದಂಥ ಕಡೆಯ ವೈದ್ಯರೂ ಅವರ ಊರಿನ ನೀರನ್ನು ವಿಚಾರಿಸಬೇಕು.